ಎಕ್ಸಲೇಟರ್ ತುಳಿದರೆ ಕಾರು ಯಾಕೆ ಉಸಿರು ಹಿಡಿಯುತ್ತದೆ?

ನಮ್ಮ ಮನೆಯ ಮಾತು ಉರ್ದು, ಬೀದಿಯ ಮಾತು ಕನ್ನಡ, ಗ್ಯಾರೇಜಿನಲ್ಲಿ ಎರಡೂ ಬೆರೆತ ಮೂರನೆಯ ಒಂದು ಮಾತು. ಹಳೇ ಕಾರು ಸರಿಯಾಗಿ ಎಳೆಯದಿದ್ದರೆ ಮನೆಯಲ್ಲಿ "ಹಿಚ್ಕಿ ಬಂದಿದೆ" ಅನ್ನುತ್ತೇವೆ, ಅಂದರೆ ಬಿಕ್ಕಳಿಕೆ. ಗ್ಯಾರೇಜಿನವರು "ಪಿಕಪ್ ಕಟ್ ಆಗ್ತಿದೆ", "ಮಿಸ್ ಹೊಡೀತಿದೆ" ಅನ್ನುತ್ತಾರೆ. ಈ ಮೂರೂ ಒಂದೇ ಕಾಯಿಲೆಯ ಹೆಸರಲ್ಲ. ಬಿಕ್ಕಳಿಕೆ ಮತ್ತೆ ಮತ್ತೆ ಬರುತ್ತದೆ. ಹಿಂಜರಿಕೆ ಒಂದೇ ಸಲ ಬಂದು ಹೋಗುತ್ತದೆ. ಎಕ್ಸಲೇಟರ್ ತುಳಿದ ಕೂಡಲೇ ಎಂಜಿನ್ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಜಿಗಿದು ಹೊರಡುತ್ತದೆ. ಈ ಲೇಖನ ಆ ಒಂದು ಕ್ಷಣದ ಬಗ್ಗೆ.

ವಾಣಿಜ್ಯ ವಿಭಾಗದವರಿಗೆ ಎಂಜಿನ್ ಯಾಕೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ನನ್ನ ಉತ್ತರ ಇಷ್ಟೇ: ಹಳೇ ಕಾರಿನ ದೋಷ ಹುಡುಕುವುದು ಹೊಂದದ ಟ್ರಯಲ್ ಬ್ಯಾಲೆನ್ಸಿನಲ್ಲಿ ತಪ್ಪು ಹುಡುಕುವ ಹಾಗೆಯೇ. ಎರಡು ಕಡೆ ಮೊತ್ತ ಬೇರೆ ಬಂದರೆ ನಾವು ಇಡೀ ಪುಸ್ತಕ ಹರಿದು ಹೊಸದಾಗಿ ಬರೆಯುವುದಿಲ್ಲ. ಮೊದಲು ಕೂಡಿದ್ದನ್ನು ಮತ್ತೆ ಕೂಡುತ್ತೇವೆ, ಆಮೇಲೆ ಬಾಕಿಗಳನ್ನು ನೋಡುತ್ತೇವೆ, ಕೊನೆಗೆ ಮೂಲ ನಮೂದಿಗೆ ಹೋಗುತ್ತೇವೆ. ಕಾರಿನಲ್ಲೂ ಅದೇ ಕ್ರಮ: ಕಾಸು ಖರ್ಚಾಗದ ಪರೀಕ್ಷೆ ಮೊದಲು, ಭಾಗ ಬದಲಿಸುವುದು ಕೊನೆಗೆ.

ಯಾವ ಕಾರು, ಏನು ತೊಂದರೆ

ಚನ್ನಪಟ್ಟಣದಲ್ಲಿರುವ ನನ್ನ ಮಾಮು ಬೊಂಬೆ ಕೆಲಸದವರು. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಅರಗಿನ ಬಣ್ಣ ಕೊಟ್ಟು, ಮೂಟೆ ಕಟ್ಟಿ ರಸ್ತೆ ಬದಿಯ ಅಂಗಡಿಗಳಿಗೆ ಹಾಕುತ್ತಾರೆ. ಮೂಟೆಗಳು ಹೋಗುವುದು ನಾನಾ ಬಿಟ್ಟುಹೋದ ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಿ. ಅಷ್ಟು ದೊಡ್ಡ ಡಿಕ್ಕಿ ಇವತ್ತಿನ ಸಣ್ಣ ಕಾರುಗಳಲ್ಲಿ ಇಲ್ಲ.

ಅಂಬಾಸಿಡರ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಆಧಾರದ ಮೇಲೆ ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿತು. 1950ರ ದಶಕದ ಕೊನೆಯಲ್ಲಿ ಶುರುವಾದ ತಯಾರಿಕೆ 2014ರಲ್ಲಿ ನಿಂತಿತು. ಬಹಳ ವರ್ಷ ಇದರಲ್ಲಿದ್ದದ್ದು 1489 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲ್ ಬೆರೆಸುವುದು ಕಾರ್ಬೊರೇಟರ್, ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ನಮ್ಮ ಕಡೆ ಮೆಕ್ಯಾನಿಕ್‌ಗಳು ಡಿಸ್ಟ್ರಿಬ್ಯೂಟರನ್ನು ಡೆಲ್ಕೋ ಅನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ಮಾಮು ಕಾರಿನ ತೊಂದರೆ ಶುರುವಾಗಿದ್ದು ಹಳೇ ಬೆಂಗಳೂರು-ಮೈಸೂರು ರಸ್ತೆ ದಾಟುವಾಗ. ನಿಂತು, ಎರಡೂ ಕಡೆ ನೋಡಿ, ಗೇರ್ ಹಾಕಿ ತುಳಿದರೆ ಕಾರು ಮುಂದೆ ಒಂದು ಮಾರು ಬಂದು ಉಸಿರು ಹಿಡಿಯುತ್ತಿತ್ತು. ಒಂದು ಸಂಜೆ ನಾನಿಯನ್ನು ಕೂರಿಸಿಕೊಂಡಿದ್ದಾಗ ರಸ್ತೆ ನಡುವೆಯೇ ಹೀಗಾಯಿತು. ಎದುರಿಗೆ ಬಂದ ಬಸ್ಸು ಬ್ರೇಕ್ ಹಾಕಿದ್ದರಿಂದ ಏನೂ ಆಗಲಿಲ್ಲ. ಮಾರನೆಯ ದಿನ ಒಂದು ವರ್ಕ್‌ಶಾಪಿನಲ್ಲಿ "ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಬೇಕು" ಎಂದು ಹೇಳಿದ ಬೆಲೆ ಕೇಳಿ ಮಾಮು ಗಾಡಿಯನ್ನು ಗುಜರಿಗೆ ಹಾಕುವ ಮಾತು ತೆಗೆದರು. ಗಾಡಿ ಹೋದರೆ ಪ್ರತಿ ಮೂಟೆಗೂ ಆಟೊ ಬಾಡಿಗೆ. ಗಾಡಿ ಹೀಗೇ ಇದ್ದರೆ ಜೀವಕ್ಕೆ ಭಯ. ಆದ್ದರಿಂದ ಇದು ಹವ್ಯಾಸದ ಪ್ರಶ್ನೆ ಆಗಿರಲಿಲ್ಲ.

ರಾಮನಗರದಲ್ಲಿ ಟ್ಯಾಕ್ಸಿಗಳ ಕಾಲದಿಂದ ಕೆಲಸ ಮಾಡಿದ, ಈಗ ಅಂಗಡಿ ಮಗನಿಗೆ ಬಿಟ್ಟಿರುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ. ಅವರು ಅಬ್ಬಾಗೆ ಪರಿಚಯ. ನನ್ನ ಕೈಗೆ ಸ್ಪಾನರ್ ಕೊಡುವ ಮೊದಲು ಅವರು ಕೊಟ್ಟದ್ದು ಒಂದು ನೋಟ್‌ಬುಕ್. "ಬೇಟಾ, ಒಂದು ಸಲಕ್ಕೆ ಒಂದೇ ಕೆಲಸ. ಮಾಡಿದ್ದು ಬರಿ, ಆದದ್ದು ಬರಿ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಖುದಾಗೇ ಗೊತ್ತು" ಎಂದರು.

ಆ ಒಂದು ಕ್ಷಣದಲ್ಲಿ ಒಳಗೆ ಏನಾಗುತ್ತದೆ

ಪೆಟ್ರೋಲ್ ಪೂರ್ತಿ ಉರಿಯಲು 1 ಕಿಲೊ ಪೆಟ್ರೋಲಿಗೆ ಸುಮಾರು 14.7 ಕಿಲೊ ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಎಕ್ಸಲೇಟರ್ ತುಳಿದಾಗ ನಾವು ಪೆಟ್ರೋಲ್ ಬಾಗಿಲು ತೆರೆಯುತ್ತೇವೆ ಅಂದುಕೊಂಡಿದ್ದೇವೆ. ನಿಜವಾಗಿ ತೆರೆಯುವುದು ಗಾಳಿಯ ಬಾಗಿಲು. ಆ ಗಾಳಿ ಹರಿಯುವ ರಭಸವೇ ಪೆಟ್ರೋಲನ್ನು ಜೆಟ್ಟಿನಿಂದ ಮೇಲಕ್ಕೆ ಎಳೆಯುತ್ತದೆ.

ತೊಂದರೆ ಇರುವುದು ಇಲ್ಲೇ. ಗಾಳಿ ಹಗುರ, ಬಾಗಿಲು ತೆರೆದ ತಕ್ಷಣ ನುಗ್ಗುತ್ತದೆ. ಪೆಟ್ರೋಲ್ ಭಾರ, ಹೊರಡಲು ಸ್ವಲ್ಪ ಹೊತ್ತು ಬೇಕು. ಜೊತೆಗೆ ಬಾಗಿಲು ಪೂರ್ತಿ ತೆರೆದಾಗ ಮ್ಯಾನಿಫೋಲ್ಡಿನ ಒಳಗಿನ ಎಳೆತ ಕಡಿಮೆಯಾಗಿ, ಹಬೆಯಾಗಿದ್ದ ಪೆಟ್ರೋಲಿನ ಒಂದು ಭಾಗ ಗೋಡೆಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಕ್ಷಣಮಾತ್ರ ಸಿಲಿಂಡರಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅಂಥ ತೆಳು ಮಿಶ್ರಣಕ್ಕೆ ಬೆಂಕಿ ಸರಿಯಾಗಿ ಹತ್ತುವುದಿಲ್ಲ.

ಈ ಕೊರತೆ ತುಂಬಲು ತಯಾರಕರು ಎರಡು ದಾರಿ ಹುಡುಕಿದರು. ಹಳೆಯ ಮಾರುತಿ 800ರಲ್ಲಿ ಇದ್ದಂಥ ಕಾರ್ಬೊರೇಟರ್‌ಗಳಲ್ಲಿ ಒಂದು ಪುಟ್ಟ ಎಕ್ಸಲರೇಟರ್ ಪಂಪ್ ಇರುತ್ತದೆ. ತುಳಿದ ಕೂಡಲೇ ಅದು ಪಿಚಕಾರಿಯ ಹಾಗೆ ಒಂದು ಧಾರೆ ಪೆಟ್ರೋಲ್ ಚಿಮ್ಮಿಸುತ್ತದೆ. ಹಳೇ ಅಂಬಾಸಿಡರ್‌ಗಳ ಎಸ್‌ಯು ಕಾರ್ಬೊರೇಟರಿನಲ್ಲಿ ಇಂಥ ಪಂಪೇ ಇಲ್ಲ. ಅದರ ಜಾಗದಲ್ಲಿ ಗಂಟೆಯ ಆಕಾರದ ಒಂದು ಕೋಣೆ, ಒಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್, ಪಿಸ್ಟನ್ನಿನ ಟೊಳ್ಳಿನಲ್ಲಿ ಸ್ವಲ್ಪ ಎಣ್ಣೆ. ಗಾಳಿ ನುಗ್ಗಿದಾಗ ಪಿಸ್ಟನ್ ಮೇಲೇಳಬೇಕು. ಆದರೆ ಎಣ್ಣೆ ಅದನ್ನು ಒಂದು ಕ್ಷಣ ತಡೆಯುತ್ತದೆ. ಕಿರಿದಾದ ಸಂದಿಯಲ್ಲಿ ಗಾಳಿ ಇನ್ನೂ ರಭಸದಿಂದ ಓಡಿ ಹೆಚ್ಚು ಪೆಟ್ರೋಲ್ ಎಳೆಯುತ್ತದೆ. ಒಂದು ಚಮಚ ಎಣ್ಣೆ ಒಂದು ಪಂಪಿನ ಕೆಲಸ ಮಾಡುತ್ತದೆ. ನನಗೆ ತುಂಬ ಇಷ್ಟವಾದ ವಿಷಯ ಇದು.

ಇನ್ನು ಕಿಡಿಯ ಲೆಕ್ಕ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಕಿಡಿ ಕೇಳುತ್ತದೆ. ನಿಮಿಷಕ್ಕೆ 3,000 ಸುತ್ತು ಅಂದರೆ 6,000 ಕಿಡಿ, ಸೆಕೆಂಡಿಗೆ 100. ಅರ್ಧ ಸೆಕೆಂಡ್ ವೈರು ಬಿಟ್ಟರೂ ಐವತ್ತು ಕಿಡಿ ಹೋದಂತೆ. ಡ್ರೈವರನ ಕಾಲಿಗೆ ಇದೂ ಹಿಂಜರಿಕೆಯಾಗಿಯೇ ಗೊತ್ತಾಗುತ್ತದೆ. ಪೆಟ್ರೋಲಿನ ದೋಷ, ಕಿಡಿಯ ದೋಷ ಎರಡೂ ಒಂದೇ ವೇಷ ಹಾಕುವುದು ಹೀಗೆ.

ಮೊದಲ ಪುಟ: ಪ್ರಶ್ನೆಗಳು

ಉಸ್ತಾದ್ ಮೊದಲ ದಿನ ಬಾನೆಟ್ ತೆರೆಯಲೇ ಇಲ್ಲ. ಗಾಡಿ ಓಡಿಸಿಕೊಂಡು ಬರಲು ಮಾಮುಗೆ ಹೇಳಿ, ನನ್ನನ್ನು ಪಕ್ಕದಲ್ಲಿ ಕೂರಿಸಿ ಬರೆಸಿದರು. ಆ ಪ್ರಶ್ನೆಗಳು ಯಾವ ಹಳೇ ಗಾಡಿಗೂ ಆಗುತ್ತವೆ.

1. ಎಂಜಿನ್ ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೂ ಇದೆಯೋ? ತಣ್ಣಗಿದ್ದಾಗ ಮಾತ್ರ ಇದ್ದರೆ ಚೋಕ್ ಕಡೆ ನೋಡಬೇಕು. ನಮ್ಮದು ಎರಡರಲ್ಲೂ ಇತ್ತು.

2. ಗಟ್ಟಿಯಾಗಿ ತುಳಿದಾಗ ಮಾತ್ರವೋ, ಮೆಲ್ಲಗೆ ತುಳಿದರೂ ಇದೆಯೋ? ಗಟ್ಟಿಯಾಗಿ ತುಳಿದಾಗ ದೊಡ್ಡದು, ಮೆಲ್ಲಗೆ ತುಳಿದರೂ ಸಣ್ಣದೊಂದು ಕೆಮ್ಮು.

3. ಒಂದೇ ವೇಗದಲ್ಲಿ ಹೋಗುವಾಗ ಇದೆಯೋ? ಇಲ್ಲ.

4. ಉದ್ದ ಏರಿನಲ್ಲಿ ಎಳೆಯುತ್ತದೆಯೋ? ಇದಕ್ಕಾಗಿ ರಾಮನಗರದಿಂದ ಮಾಗಡಿ ಕಡೆಗೆ ಹೋದೆವು. ಏರಿನಲ್ಲಿ ಚೆನ್ನಾಗಿ ಎಳೆಯಿತು.

ನಾಲ್ಕನೆಯ ಉತ್ತರ ದೊಡ್ಡ ಸುಳಿವು. ಕಾರ್ಬೊರೇಟರಿನ ಫ್ಲೋಟ್ ಕೋಣೆಯಲ್ಲಿ ಸ್ವಲ್ಪ ಪೆಟ್ರೋಲ್ ಸದಾ ದಾಸ್ತಾನು ಇರುತ್ತದೆ. ಮೆಕ್ಯಾನಿಕ್‌ಗಳು ಎ.ಸಿ. ಪಂಪ್ ಅನ್ನುವ ಪೆಟ್ರೋಲ್ ಪಂಪು ದುರ್ಬಲವಾಗಿದ್ದರೆ, ಅಥವಾ ಫಿಲ್ಟರ್ ಕಟ್ಟಿದ್ದರೆ, ಹೊರಡುವಾಗ ದಾಸ್ತಾನಿನಿಂದ ಗಾಡಿ ಚೆನ್ನಾಗಿಯೇ ಹೊರಟು ಏರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ಸೋಲುತ್ತದೆ. ಕೈಯಲ್ಲಿ ನಗದು ಇದ್ದು ಬ್ಯಾಂಕಿನಲ್ಲಿ ಏನೂ ಇಲ್ಲದ ಅಂಗಡಿಯ ಹಾಗೆ. ನಮ್ಮ ಗಾಡಿ ಇದಕ್ಕೆ ತಿರುಗಾ: ಮೊದಲ ಕ್ಷಣ ಸೋತು ಆಮೇಲೆ ಗೆಲ್ಲುತ್ತಿತ್ತು. ಆದ್ದರಿಂದ ಟ್ಯಾಂಕು, ಪೈಪು, ಪಂಪು ಮೂರನ್ನೂ ಪಟ್ಟಿಯಿಂದ ಹೊಡೆದು ಹಾಕಿದೆವು. ಒಂದು ರೂಪಾಯಿ ಖರ್ಚಿಲ್ಲದೆ ಮೂರು ಅನುಮಾನ ಕಡಿಮೆಯಾದವು.

ಎರಡನೆಯ ಪುಟ: ಒಂದು ಚಮಚ ಎಣ್ಣೆ

ಮುಂದಿನ ಭಾನುವಾರ ಬಾನೆಟ್ ತೆರೆದೆವು. ಮೊದಲು ಏರ್ ಫಿಲ್ಟರ್: ಧೂಳಿತ್ತು, ಕಟ್ಟಿರಲಿಲ್ಲ. ಚೋಕ್ ಕೇಬಲ್: ಒಳಗೆ ತಳ್ಳಿದಾಗ ಪೂರ್ತಿ ವಾಪಸು ಹೋಗುತ್ತಿತ್ತು.

ಆಮೇಲೆ ಎಸ್‌ಯು ಗಂಟೆಯ ಮೇಲಿನ ಮುಚ್ಚಳ ತಿರುಗಿಸಿ ಡ್ಯಾಂಪರ್ ಕಡ್ಡಿ ಹೊರಗೆ ತೆಗೆದರು. ಕಡ್ಡಿ ಒಣಗಿತ್ತು. ಡ್ಯಾಂಪರ್ ತೆಗೆದಿರುವಾಗಲೇ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟರು. "ಟಕ್" ಎಂದು ಕೆಳಗೆ ಕೂತಿತು. ಹೀಗೆ ಸದ್ದು ಬಂದರೆ ಪಿಸ್ಟನ್ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲ ಎಂದರ್ಥ. ನಂತರ ತೆಳುವಾದ ಎಂಜಿನ್ ಆಯಿಲ್ ಹಾಕಿದರು. ಎಷ್ಟು ಹಾಕಬೇಕು ಎಂಬುದಕ್ಕೆ ಅಳತೆ ಇದೆ: ಡ್ಯಾಂಪರನ್ನು ವಾಪಸು ಇಳಿಸುವಾಗ ಮುಚ್ಚಳ ಕೂರಲು ಇನ್ನೂ ಸುಮಾರು ಕಾಲು ಇಂಚು ಇರುವಾಗಲೇ ಎಣ್ಣೆಯ ತಡೆ ಕೈಗೆ ಸಿಗಬೇಕು. ಈಗ ಪಿಸ್ಟನ್ ಎತ್ತಿದರೆ ಮೆಲ್ಲಗೆ ಏಳುತ್ತಿತ್ತು, ಬಿಟ್ಟರೆ ಸಲೀಸಾಗಿ ಇಳಿಯುತ್ತಿತ್ತು.

ರಸ್ತೆಗೆ ಹೋದೆವು. ಹಿಂಜರಿಕೆ ಅರ್ಧ ಕಡಿಮೆಯಾಗಿತ್ತು. ಮಾಮು "ಬಸ್, ಆಯಿತಲ್ಲ" ಎಂದು ಖುಷಿಪಟ್ಟರು. ಉಸ್ತಾದ್ ಖುಷಿಪಡಲಿಲ್ಲ. ಲೆಕ್ಕಶಾಸ್ತ್ರ ಓದಿದವರಿಗೆ ಇದು ಅರ್ಥವಾಗುತ್ತದೆ. ಟ್ರಯಲ್ ಬ್ಯಾಲೆನ್ಸಿನಲ್ಲಿ 1,000 ರೂಪಾಯಿ ವ್ಯತ್ಯಾಸ ಇದ್ದು, ಒಂದು ತಪ್ಪು ತಿದ್ದಿದ ಮೇಲೆ ಅದು 500 ಆದರೆ, ಲೆಕ್ಕ ಸರಿಹೋಯಿತು ಅನ್ನುವುದಿಲ್ಲ. ಇನ್ನೊಂದು ತಪ್ಪು ಇದೆ ಅನ್ನುತ್ತೇವೆ. ಉಳಿದದ್ದನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮಲಗಬಹುದು. ಆದರೆ ಈ ಸಸ್ಪೆನ್ಸ್ ಖಾತೆಯ ಮೇಲೆ ನಾನಿ ಕೂತು ರಸ್ತೆ ದಾಟಬೇಕಿತ್ತು.

ಮೂರನೆಯ ಪುಟ: ಗಾಳಿ ಸೋರಿಕೆ, ಪ್ಲಗ್, ಪಾಯಿಂಟ್

ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಪ್ಯಾಕಿಂಗ್ ಹಳತಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಇದನ್ನು ಕಂಡುಹಿಡಿಯಲು ಕೆಲವರು ಪೆಟ್ರೋಲ್ ಎರಚುತ್ತಾರೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಪೆಟ್ರೋಲ್ ಎರಚುವುದು ಬೆಂಕಿಗೆ ಆಹ್ವಾನ. ಉಸ್ತಾದ್ ಮಾಡಿಸಿದ್ದು ಬೇರೆ. ಎಂಜಿನ್ ಆಗಷ್ಟೇ ಶುರುವಾಗಿ ಇನ್ನೂ ತಣ್ಣಗಿರುವಾಗ, ಸ್ಲೋ ಓಟದಲ್ಲಿ, ಸೂಜಿ ತೆಗೆದ ಸಿರಿಂಜಿನಿಂದ ಜೋಡಣೆಗಳ ಸುತ್ತ ಹನಿ ಹನಿ ನೀರು. ಸೋರಿಕೆ ಇದ್ದರೆ ನೀರು ಆ ಸಂದಿಯನ್ನು ಒಂದು ಕ್ಷಣ ಮುಚ್ಚಿ ಎಂಜಿನ್ನಿನ ಸದ್ದು ಬದಲಾಗುತ್ತದೆ. ನಮ್ಮದರಲ್ಲಿ ಬದಲಾಗಲಿಲ್ಲ.

ಆಮೇಲೆ ಪ್ಲಗ್ ಬಿಚ್ಚಿದೆವು. ಪ್ಲಗ್ ಎಂದರೆ ಎಂಜಿನ್ನಿನ ನಾಲಿಗೆ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದ ಹಾಗೆ ಬಿಳಿ ಇದ್ದರೆ ಕಡಿಮೆ, ತಿಳಿ ಕಂದು ಇದ್ದರೆ ಸರಿ. ನಾಲ್ಕೂ ತಿಳಿ ಕಂದು. ಅಂದರೆ ಕಾರ್ಬೊರೇಟರ್ ಬೆರೆಸುತ್ತಿದ್ದ ಹದ ಸರಿಯಾಗಿಯೇ ಇತ್ತು. ಹೊಸ ಕಾರ್ಬೊರೇಟರ್ ಬೇಕು ಅನ್ನುವ ಮಾತು ಇಲ್ಲಿ ದುರ್ಬಲವಾಯಿತು.

ಡೆಲ್ಕೋ ಮುಚ್ಚಳ ತೆಗೆದು ಪಾಯಿಂಟಿನ ಸಂದಿ ಫೀಲರ್ ಗೇಜಿನಿಂದ ಅಳೆದೆವು. ಈ ಎಂಜಿನ್ನಿಗೆ ಹದಿನೈದು ತೌ, ಅಂದರೆ 0.015 ಇಂಚು, ಸುಮಾರು 0.38 ಮಿಲಿಮೀಟರ್ ಇರಬೇಕು. ಪ್ಲಗ್ ಸಂದಿ ಇಪ್ಪತ್ತೈದು ತೌ, ಸುಮಾರು 0.64 ಮಿಲಿಮೀಟರ್. ಪಾಯಿಂಟ್ ಸಂದಿ ಕಿರಿದಾಗಿತ್ತು, ಸರಿಮಾಡಿದರು. ಪಾಯಿಂಟಿನ ಸಂದಿ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆದ್ದರಿಂದ ಅದನ್ನೂ ನೋಡಿದರು. ರೋಟರನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿ ಬಿಟ್ಟರೆ ಸ್ಪ್ರಿಂಗಿನ ಬಲದಿಂದ ವಾಪಸು ಬರಬೇಕು, ಬಂತು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚೆ ಕೊಡಿಸುವ ತೂಕಗಳು ಸರಿಯಾಗಿವೆ ಎಂದು ಇದರಿಂದ ಗೊತ್ತಾಯಿತು.

ನೋಟ್‌ಬುಕ್ಕಿನಲ್ಲಿ ಬರೆದೆ: ಸ್ಲೋ ಓಟ ಚೆನ್ನಾಗಿದೆ, ಹಿಂಜರಿಕೆ ಹಾಗೇ ಇದೆ.

ನಾಲ್ಕನೆಯ ಪುಟ: ಒಂದು ಸಣ್ಣ ಪೈಪ್

ಅಸರ್ ನಮಾಜ್ ಮುಗಿಸಿ ಬಂದ ಉಸ್ತಾದ್ ಮಾಮು ಪಕ್ಕದಲ್ಲಿ ಕೂತು ತಾವೇ ಒಂದು ಸುತ್ತು ಹೋಗಿ ಬಂದರು. ಬಂದು ನನಗೆ ಒಂದು ಪ್ರಶ್ನೆ ಕೇಳಿದರು: "ಗಾಡಿ ನಿಲ್ಲೋದು ಹಗ್ಗ ಸಡಿಲವಾದ ಹಾಗಿದೆಯೋ, ಸ್ವಿಚ್ ಆಫ್ ಮಾಡಿದ ಹಾಗಿದೆಯೋ?"

ಇದು ಇಡೀ ಕೆಲಸದ ಕೀಲಿ. ಪೆಟ್ರೋಲ್ ಕೊರತೆಯ ಹಿಂಜರಿಕೆ ಮೆತ್ತಗಿರುತ್ತದೆ, ಕೆಲವು ಸಲ ಕಾರ್ಬೊರೇಟರ್ ಕಡೆಯಿಂದ "ಫಟ್" ಎಂದು ಸದ್ದು ಬರುತ್ತದೆ. ಕಿಡಿ ತಪ್ಪಿದ ಹಿಂಜರಿಕೆ ಚೂಪಾಗಿರುತ್ತದೆ, ಯಾರೋ ಕೀ ತಿರುಗಿಸಿದ ಹಾಗೆ. ಎಣ್ಣೆ ಹಾಕುವ ಮೊದಲು ಎರಡೂ ಬೆರೆತಿದ್ದರಿಂದ ಗೊತ್ತಾಗುತ್ತಿರಲಿಲ್ಲ. ಈಗ ಉಳಿದದ್ದು ಚೂಪಾದದ್ದು ಮಾತ್ರ.

ಡೆಲ್ಕೋ ಪಕ್ಕದಲ್ಲಿ ಒಂದು ತಟ್ಟೆಯಾಕಾರದ ಡಬ್ಬಿ ಇರುತ್ತದೆ. ಕಾರ್ಬೊರೇಟರಿನಿಂದ ಒಂದು ಸಣ್ಣ ಪೈಪ್ ಬಂದು ಅದಕ್ಕೆ ಸೇರುತ್ತದೆ. ಇದು ವ್ಯಾಕ್ಯೂಮ್ ಅಡ್ವಾನ್ಸ್. ಎಕ್ಸಲೇಟರ್ ಸ್ವಲ್ಪ ತೆರೆದ ಕೂಡಲೇ ಪೈಪಿನ ಎಳೆತಕ್ಕೆ ಒಳಗಿನ ಡಯಾಫ್ರಮ್ ಅಲುಗಾಡಿ, ಪಾಯಿಂಟ್ ಕೂತಿರುವ ಪ್ಲೇಟನ್ನು ತುಸು ತಿರುಗಿಸುತ್ತದೆ. ಕಿಡಿ ಸ್ವಲ್ಪ ಮುಂಚೆ ಬೀಳುತ್ತದೆ, ಪೆಟ್ರೋಲ್ ಉಳಿಯುತ್ತದೆ. ಇದೇ ಪೈಪನ್ನು ಬಾಯಿಂದ ಹೀರಿದರೆ ಪ್ಲೇಟ್ ತಿರುಗಬೇಕು, ನಾಲಿಗೆಯಿಂದ ಪೈಪ್ ಮುಚ್ಚಿದರೆ ಹಾಗೇ ನಿಲ್ಲಬೇಕು. ಒರೆಸಿ ಹೀರಿ ನೋಡಿದರು, ನಿಂತಿತು. ಡಯಾಫ್ರಮ್ ಹರಿದಿರಲಿಲ್ಲ.

ಹಾಗಾದರೆ ಇದೂ ನಿರಪರಾಧಿಯೇ? ಉಸ್ತಾದ್ ಪೈಪನ್ನು ಕಳಚಿ, ಕಾರ್ಬೊರೇಟರ್ ಕಡೆಯ ತೂತಿಗೆ ಬಿರಡೆ ಹಾಕಿ, "ಈಗ ಓಡಿಸು" ಎಂದರು. ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲದೆ ಗಾಡಿ ಸ್ವಲ್ಪ ಮಂಕಾಗಬೇಕು. ಮಂಕಾಯಿತು. ಆದರೆ ಹಿಂಜರಿಕೆ ಪೂರ್ತಿ ಹೋಗಿತ್ತು! ನಾಲ್ಕು ಸಲ ನಿಂತು ನಾಲ್ಕು ಸಲ ತುಳಿದರೂ ಇಲ್ಲ. ಪೈಪ್ ವಾಪಸು ಹಾಕಿದರೆ ಮತ್ತೆ ಇದೆ.

ಎಳೆತ ಇಲ್ಲದಿದ್ದರೆ ಪ್ಲೇಟ್ ಅಲುಗಾಡುವುದಿಲ್ಲ. ಪ್ಲೇಟ್ ಅಲುಗಾಡದಿದ್ದರೆ ತೊಂದರೆ ಇಲ್ಲ. ಹಾಗಾದರೆ ದೋಷ ಪ್ಲೇಟಿನ ಜೊತೆ ಅಲುಗಾಡುವ ಯಾವುದೋ ಒಂದರಲ್ಲಿ ಇರಬೇಕು. ಪ್ಲೇಟಿನ ಜೊತೆ ಅಲುಗಾಡುವುದು ಪಾಯಿಂಟಿಗೆ ಕರೆಂಟ್ ತರುವ ಒಂದು ಪುಟ್ಟ ವೈರು ಮತ್ತು ಅರ್ತಿನ ಹೆಣೆದ ವೈರು. ಟೆಸ್ಟ್ ಲ್ಯಾಂಪ್ ಹಿಡಿದು ಪ್ಲೇಟನ್ನು ಕೈಯಿಂದ ಆಡಿಸಿದರೆ, ಒಂದು ಕೊನೆಯಲ್ಲಿ ದೀಪ ಉರಿಯುತ್ತಿತ್ತು, ಇನ್ನೊಂದು ಕೊನೆಯಲ್ಲೂ ಉರಿಯುತ್ತಿತ್ತು, ನಡುವೆ ಒಂದು ಜಾಗದಲ್ಲಿ ಮಿಣುಕುತ್ತಿತ್ತು. ಪಾಯಿಂಟಿನ ವೈರು ಬಿಚ್ಚಿ ಸಿಪ್ಪೆ ಸುಲಿದರೆ ಒಳಗಿನ ತಾಮ್ರದ ಎಳೆಗಳು ಮುರಿದಿದ್ದವು. ಹೊರಗಿನ ಸಿಪ್ಪೆ ಮಾತ್ರ ಹೊಸದರ ಹಾಗಿತ್ತು.

ಎಷ್ಟೋ ವರ್ಷ, ಪ್ರತಿ ಸಲ ತುಳಿದಾಗಲೂ ಒಂದು ಕೂದಲೆಳೆಯಷ್ಟು ಬಾಗಿ ಬಾಗಿ ಆ ಎಳೆಗಳು ದಣಿದಿದ್ದವು. ತಂತಿಯನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಮುರಿಯುತ್ತದೆಯಲ್ಲ, ಅದೇ. ಅದಕ್ಕೇ ಇಲ್ಲಿಗೆ ಸಾಮಾನ್ಯ ವೈರು ಹಾಕಬಾರದು, ಸಣ್ಣ ಎಳೆಗಳು ಬಹಳ ಇರುವ ಮೆತ್ತನೆಯ ವೈರೇ ಬೇಕು. ಹಾಕಿದರು. ಒಟ್ಟು ಖರ್ಚು ವೈರು, ಸ್ವಲ್ಪ ಎಣ್ಣೆ, ಉಸ್ತಾದರ ಚಹಾ. ಕೂಲಿ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ, ಮಾಮು ಅವರ ಮೊಮ್ಮಗಳಿಗೆ ಒಂದು ಬೊಂಬೆ ಗಾಡಿ ಕೊಟ್ಟರು.

ನಿಮ್ಮ ಮನೆಯ ಗಾಡಿ ಬೇರೆ ಆಗಿದ್ದರೆ

ಎಕ್ಸಲರೇಟರ್ ಪಂಪ್ ಇರುವ ಕಾರ್ಬೊರೇಟರ್ ಆದರೆ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಒಬ್ಬರು ಕೈಯಿಂದ ಎಕ್ಸಲೇಟರ್ ಲಿವರ್ ಎಳೆಯುವಾಗ ಗಂಟಲಿನೊಳಗೆ ನೋಡಬೇಕು. ಎಳೆದ ಕೂಡಲೇ ಪೆಟ್ರೋಲಿನ ಸಣ್ಣ, ನೇರ ಧಾರೆ ಚಿಮ್ಮಬೇಕು. ತಡವಾಗಿ ಬಂದರೆ, ಹನಿ ಹನಿ ಬಿದ್ದರೆ, ಅಥವಾ ಬಾರದಿದ್ದರೆ ಪಂಪಿನ ಡಯಾಫ್ರಮ್ ಹಳತಾಗಿದೆ ಇಲ್ಲವೇ ಜೆಟ್ ಕಟ್ಟಿದೆ. ಎಂಜಿನ್ ಓಡುವಾಗ ಎಂದೂ ಗಂಟಲಿಗೆ ಮುಖ ಕೊಡಬೇಡಿ, ಬೆಂಕಿ ಹಿಂದಕ್ಕೆ ಬರಬಹುದು.

ನಮ್ಮಲ್ಲಿ ಅನೇಕರ ಮನೆಯಲ್ಲಿ ಹಳೇ ಬೈಕ್ ಇದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಗೆ ಹೆಚ್ಚಾಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಅದಕ್ಕೂ ಮುಂಚಿನ ಬಹುತೇಕ ಬೈಕುಗಳಲ್ಲಿ ಇರುವುದು ಕಾರ್ಬೊರೇಟರೇ. ಭಾಗಗಳು ಬೇರೆ, ಕ್ರಮ ಅದೇ.

ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎಥನಾಲ್ ಉರಿಯಲು 1 ಕಿಲೊಗೆ ಸುಮಾರು 9 ಕಿಲೊ ಗಾಳಿ ಸಾಕು. ಬೆರೆತ ಪೆಟ್ರೋಲಿಗೆ ಸುಮಾರು 13.5. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. 14.7ರ ಲೆಕ್ಕಕ್ಕೆ ಕೊರೆದ ಹಳೇ ಜೆಟ್ಟಿಗೆ ಅದು ಗೊತ್ತಿಲ್ಲ, ಹಾಗಾಗಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ. ಮೊದಲೇ ಇದ್ದ ಸಣ್ಣ ಹಿಂಜರಿಕೆ ಇದರಿಂದ ದೊಡ್ಡದಾಗಿ ಕಾಣಬಹುದು. ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ತೇವವನ್ನೂ ಹೀರುತ್ತದೆ. ಬಹಳ ದಿನ ನಿಲ್ಲಿಸುವ ಗಾಡಿಯ ಪೈಪುಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿರಿ. ಅಂಟಾದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ.

ಜಾಗ್ರತೆ: ಪೆಟ್ರೋಲ್ ವಾಸನೆ ಇರುವಲ್ಲಿ ಬೀಡಿ, ಸಿಗರೇಟು, ಬೆಂಕಿಕಡ್ಡಿ ಬೇಡ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಫ್ಯಾನ್ ಬೆಲ್ಟಿನ ಹತ್ತಿರ ದುಪಟ್ಟಾ, ಸಡಿಲ ತೋಳು ಬೇಡ. ಗೊತ್ತಿರುವ ಹಿರಿಯರು ಒಬ್ಬರು ಪಕ್ಕದಲ್ಲಿರಲಿ.

ನನಗೆ ಉಳಿದದ್ದು

ವರ್ಕ್‌ಶಾಪಿನವರು ಸುಳ್ಳು ಹೇಳಿದರು ಎಂದು ನಾನು ಬರೆಯುತ್ತಿಲ್ಲ. ತುಳಿದಾಗ ಗಾಡಿ ಸೋತರೆ ಕಾರ್ಬೊರೇಟರ್ ನೆನಪಾಗುವುದು ಸಹಜ. ಡ್ಯಾಂಪರ್ ಒಣಗಿದ್ದರಿಂದ ಅರ್ಧ ತಪ್ಪು ಅದರದ್ದೇ ಆಗಿತ್ತು. ಆದರೆ ಹೊಸ ಕಾರ್ಬೊರೇಟರ್ ಹಾಕಿಸಿದ್ದರೆ ದುಡ್ಡೂ ಹೋಗುತ್ತಿತ್ತು, ಮುರಿದ ವೈರೂ ಹಾಗೇ ಇರುತ್ತಿತ್ತು, ಮತ್ತು ಹೊಸ ಭಾಗ ಹಾಕಿದ್ದೇವೆ ಎಂಬ ಧೈರ್ಯದಲ್ಲಿ ಮಾಮು ಮತ್ತೆ ಅದೇ ರಸ್ತೆ ದಾಟುತ್ತಿದ್ದರು. ಅರ್ಧ ಸರಿಹೋದ ಗಾಡಿ ಕೆಟ್ಟ ಗಾಡಿಗಿಂತ ಅಪಾಯ. ಕೆಟ್ಟ ಗಾಡಿಯನ್ನು ನಾವು ನಂಬುವುದಿಲ್ಲ, ಇದನ್ನು ನಂಬುತ್ತೇವೆ.

ಮುಂದೆ ನಿಮ್ಮ ಮನೆಯ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವಾಗ "ಏನೋ ಸರಿ ಇಲ್ಲ, ನೋಡಿ" ಎಂದು ಕೀ ಕೊಟ್ಟು ಬರಬೇಡಿ. ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋಗಿ: ತಣ್ಣಗಿದ್ದಾಗಲೋ ಬಿಸಿಯಲ್ಲೋ, ಗಟ್ಟಿ ತುಳಿದಾಗಲೋ ಮೆಲ್ಲಗೆ ತುಳಿದಾಗಲೋ, ಒಂದೇ ವೇಗದಲ್ಲಿ ಹೇಗೆ, ಏರಿನಲ್ಲಿ ಹೇಗೆ. ಐದನೆಯದಾಗಿ, ಹಗ್ಗ ಸಡಿಲವಾದ ಹಾಗೋ, ಸ್ವಿಚ್ ಆಫ್ ಆದ ಹಾಗೋ ಎಂದೂ ಸೇರಿಸಿ. ಒಳ್ಳೆಯ ಮೆಕ್ಯಾನಿಕ್ ಆ ಚೀಟಿ ಓದಿದ ಮೇಲೆಯೇ ಬಾನೆಟ್ ತೆರೆಯುತ್ತಾರೆ.